ತಂಡ ಸೋಲುತ್ತಲೇ ಇದ್ದರೆ ಕೋಚ್ ರಾಜೀನಾಮೆ ಕೊಡೋದಾ, ತೆಗೆಯೋವರೆಗೆ ಕಾಯೋದಾ?

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಕೋಚ್ ತಾನಾಗಿ ಬಿಟ್ಟರೆ ಒಪ್ಪಂದದ ಉಳಿದ ಹಣ ಸಾಮಾನ್ಯವಾಗಿ ಕೈತಪ್ಪುತ್ತದೆ. ಸೋತದ್ದಕ್ಕೆ ಕಾಲೇಜೇ ತೆಗೆದರೆ ಪರಿಹಾರ ಸಿಗುತ್ತದೆ.

ಮಯಾಮಿ ವಿಶ್ವವಿದ್ಯಾಲಯದ ಕೋಚ್ ಜಿಮ್ ಲಾರನ್ಯಾಗ 2024ರ ಡಿಸೆಂಬರ್‌ನಲ್ಲಿ, 4 ಗೆಲುವು 8 ಸೋಲು ಆಗಿದ್ದಾಗ, ಸೀಸನ್ ನಡುವೆಯೇ ತಾವಾಗಿ ಹೊರಟರು. ವಯಸ್ಸು 75. 2023ರಲ್ಲಿ ತಂಡವನ್ನು ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ಗೆ ಒಯ್ದಿದ್ದವರು, ಹೆಸರು ಉಳಿಯಿತು.

ಲೂಯಿವಿಲ್ ವಿಶ್ವವಿದ್ಯಾಲಯದ ಕೋಚ್ ಕೆನ್ನಿ ಪೇನ್ ತಾವಾಗಿ ಬಿಡಲಿಲ್ಲ. ಎರಡು ಸೀಸನ್‌ನಲ್ಲಿ 12 ಗೆಲುವು, 52 ಸೋಲು! 2024ರ ಮಾರ್ಚ್‌ನಲ್ಲಿ ತೆಗೆದಾಗ ಪರಿಹಾರ ಸುಮಾರು 80 ಲಕ್ಷ ಡಾಲರ್. ಅಷ್ಟನ್ನು ಸುಮ್ನೆ ಬಿಟ್ಟುಬಿಡಿ ಅನ್ನೋದು ನಮಗೆ ಸುಲಭ, ಅಲ್ವಾ?

ಸೋಲುತ್ತಿರುವ ಕೋಚ್ ನೀವಾಗಿದ್ದು ನನ್ನ ಮಾತು ಕೇಳಿದರೆ, ಹುದ್ದೆಯಲ್ಲೇ ಉಳಿಯಿರಿ. ಆದರೆ ಟೈಮ್‌ಔಟ್‌ನಲ್ಲಿ ಹುಡುಗರು ನಿಮ್ಮ ಮುಖ ಬಿಟ್ಟು ನೆಲ ನೋಡುತ್ತಿದ್ದರೆ, ವಕೀಲರನ್ನು ಕರೆದು ಮಾತುಕತೆಗೆ ಕೂರಿ. ಅದೇ ಲೂಯಿವಿಲ್‌ನಲ್ಲಿ ಪೇನ್‌ಗಿಂತ ಮೊದಲು ಕೋಚ್ ಆಗಿದ್ದ ಕ್ರಿಸ್ ಮ್ಯಾಕ್ 2022ರ ಜನವರಿಯಲ್ಲಿ 48 ಲಕ್ಷ ಡಾಲರ್‌ಗೆ ಒಪ್ಪಿ ಹೊರಟರು.