ಕಲಬುರಗಿಯ ಬಂದೂಕು ಅಂಗಡಿ ಮತ್ತು ಅಲ್ಲಿ ಕೊಂಡ ಹೋಲ್‌ಸ್ಟರ್

ಧಾನ್ಯ ಮಾರುಕಟ್ಟೆಯಾದ ಗಂಜಿನಲ್ಲಿ ತೊಗರಿ ವಹಿವಾಟು ಮುಗಿಸಿ ನಗದು ಹಣದೊಂದಿಗೆ ಊರೂರು ತಿರುಗಬೇಕಾದ ನಾನು, ಪರವಾನಗಿ ಪಡೆದ 32 ಬೋರ್ ರಿವಾಲ್ವರಿಗಾಗಿ ಕಲಬುರಗಿಯ ಹಳೆಯ ಬಂದೂಕು ಅಂಗಡಿಯೊಂದರಲ್ಲಿ ಚರ್ಮದ ಹೋಲ್‌ಸ್ಟರ್ (ಆಯುಧವನ್ನು ಮೈಗೆ ಕಟ್ಟಿಕೊಳ್ಳುವ ಚೀಲ) ಕೊಂಡಿದ್ದೇನೆ. ಸರಕಿನಷ್ಟೇ ಅಲ್ಲಿ ಸಿಕ್ಕ ತಿಳಿವಳಿಕೆಯೂ ಬೆಲೆಯುಳ್ಳದ್ದು ಎಂಬ ಕಾರಣಕ್ಕೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ನಾನು ಮೊದಲು ಕೈಗೆತ್ತಿಕೊಂಡದ್ದು ಹಿಡಿ ಹೊರಗೆ ಕಾಣುವ, ನೋಡಲು ಅಂದವಾದ ಮಾದರಿ. ಅಂಗಡಿಯ ಹಿರಿಯರು ಅದನ್ನು ಪಕ್ಕಕ್ಕೆ ಸರಿಸಿ, "ಇದು ಮನಿಯಾಗ ಇಡಾಕ ಚಲೋ, ಬಜಾರಕ್ಕ ಬ್ಯಾಡ್ರಿ" ಎಂದರು. 2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮದಂತೆ, ಸಾರ್ವಜನಿಕ ಸ್ಥಳದಲ್ಲಿ ರಿವಾಲ್ವರ್ ಒಯ್ಯುವವರು ಅದನ್ನು ಮೈಗೆ ಕಟ್ಟಿದ ಹೋಲ್‌ಸ್ಟರ್‌ನಲ್ಲಿ ಅಥವಾ ಬೆನ್ನಚೀಲದಂಥದರಲ್ಲಿ ಇಟ್ಟಿರಬೇಕು. ಆಯುಧ ಪೂರ್ತಿ ಮುಚ್ಚಿರಬೇಕು ಮತ್ತು ಒಯ್ಯುವವರ ಹತೋಟಿಯಲ್ಲಿರಬೇಕು. ಕಾರಿನಲ್ಲಿ ಬಿಟ್ಟು ಚಹಾಕ್ಕೆ ಇಳಿದುಹೋದರೆ ಆ ಹತೋಟಿ ಎಲ್ಲಿ ಉಳಿಯಿತು? ನಾನು ಕೊನೆಗೆ ಆರಿಸಿದ ಹೋಲ್‌ಸ್ಟರ್‌ಗೆ ಹಿಡಿಯ ಮೇಲೂ ಮಡಚಿಕೊಳ್ಳುವ ದಪ್ಪ ಚರ್ಮದ ಮುಚ್ಚಳವಿದೆ, ಬೆಲ್ಟಿನ ಎರಡು ಕುಣಿಕೆಗಳು ಬಿಗಿಯಾಗಿ ಕೂರುತ್ತವೆ. ಟಿಚ್ ಬಟನ್ ಮಾತ್ರ ಕೆಲವೇ ತಿಂಗಳಲ್ಲಿ ಸಡಿಲವಾಯಿತು. ಅದನ್ನು ಹಣ ಕೇಳದೆ ಬದಲಿಸಿಕೊಟ್ಟರು.

ಗುಂಡು ಕೊಡುವ ಮೊದಲು ಪರವಾನಗಿ ಪುಸ್ತಕ ತೆರೆದು, ಇನ್ನೆಷ್ಟು ಗುಂಡು ಕೊಳ್ಳಬಹುದೆಂದು ಲೆಕ್ಕ ಹಾಕಿ, ಖರೀದಿಯನ್ನು ಅದರಲ್ಲೇ ನಮೂದಿಸುತ್ತಾರೆ. ಅದೇ ಪುಟದಲ್ಲಿದ್ದ ವ್ಯಾಪ್ತಿಯನ್ನು ಬೆರಳಿಟ್ಟು ತೋರಿಸಿದ್ದು ನನಗೆ ಅತ್ಯಂತ ಉಪಯುಕ್ತವಾಯಿತು. ಪರವಾನಗಿ ಕರ್ನಾಟಕಕ್ಕೆ ಸೀಮಿತವಾಗಿದ್ದರೆ ಸೊಲ್ಲಾಪುರಕ್ಕೋ ಜಹೀರಾಬಾದಿಗೋ ಆಯುಧದೊಂದಿಗೆ ಹೋಗುವಂತಿಲ್ಲ. ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಎರಡು ರಾಜ್ಯಗಳ ಗಡಿ ಮುಟ್ಟಬಹುದಾದ ನಮ್ಮ ಭಾಗದವರಿಗೆ ಇದು ಬಹಳ ಮುಖ್ಯ. ಷರತ್ತು ಮೀರಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 30ನೇ ಕಲಂ ಪ್ರಕಾರ 6 ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು, ಮೇಲೆ ಪರವಾನಗಿಯೇ ರದ್ದಾಗಬಹುದು.

ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ ಆಯುಧ ಝಳಪಿಸುವುದಕ್ಕೂ ಗುಂಡು ಹಾರಿಸುವುದಕ್ಕೂ ನಿಷೇಧವಿದೆ ಎಂಬ ಫಲಕ ಗಲ್ಲೆಯ ಹಿಂದೆಯೇ ಇದೆ. 2019ರ ತಿದ್ದುಪಡಿಯ ನಂತರ, ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದವರಿಗೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ವರನ ಕಡೆಯವರ ಒತ್ತಾಯಕ್ಕೆ ಮಣಿಯುವ ಬಂಧುಗಳು ಈ ಫಲಕವನ್ನು ಓದಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಕೊರತೆ ಒಂದಿದೆ. ಆತ್ಮರಕ್ಷಣೆಯ ಮಿತಿಗಳ ಬಗ್ಗೆ ಕೇಳಿದರೆ ಅಂಗಡಿಯವರು ವಕೀಲರತ್ತ ಕೈತೋರಿಸುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿಗೆ ಅವಕಾಶ ಕೊಡುವುದಿಲ್ಲ, ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದರೆ ಆತ್ಮರಕ್ಷಣೆಯ ಹಕ್ಕೇ ಇಲ್ಲ ಎಂಬುದನ್ನಾದರೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ, ಹೋಲ್‌ಸ್ಟರ್ ಜೊತೆಗೇ ಕೊಡುವಂತೆ ಅವರನ್ನು ಕೋರಿದ್ದೇನೆ.