ಹೊಳಲ್ಕೆರೆ ರಸ್ತೆಯ ಕುಲುಮೆಯಲ್ಲಿ ಮಾಡಿಸಿದ ಬಾಚಿ: ಬಿಲ್ಲು ಕೆತ್ತಿ ನೋಡಿದ ಮೇಲೆ

ಮರ ಕೆತ್ತುವ ಈ ಬಾಚಿ ಮಾಡಿಸಿ ಐದು ತಿಂಗಳಾಯಿತು. ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆ ಬದಿಯ ಕುಲುಮೆ. 450 ರೂಪಾಯಿ ಕೊಟ್ಟೆ. ಅಲಗು ಲಾರಿಯ ಹಳೇ ಕಮಾನ್ ಪಟ್ಟಿಯದು. ಕಮ್ಮಾರ ಅಜ್ಜ ನನ್ನ ಕಣ್ಣೆದುರೇ ಕಾಯಿಸಿ, ಬಡಿದು, ಹದ ಕೊಟ್ಟರು.

"ಏನ್ ಕೆತ್ತಾಕೆ ತಮ್ಮಾ?"

"ಬಿಲ್ಲು ಮಾಡ್ಬೇಕು ಅಜ್ಜ."

"ಹಂಗಾದ್ರೆ ಬಾಯಿ ತೆಳ್ಳಗಿರ್ಬೇಕು" ಎಂದು ಮತ್ತೆ ಸಾಣೆ ಹಿಡಿದರು.

ಆ ತೆಳು ಬಾಯಿಯೇ ಈ ಬಾಚಿಯ ಗುಣ. ಇದಕ್ಕೂ ಮುಂಚೆ ಆನ್‌ಲೈನ್‌ನಲ್ಲಿ ತರಿಸಿದ್ದ ಬಾಚಿಯಿಂದ ಒಂದು ಒಳ್ಳೆ ಗಳ ಹಾಳಾಗಿತ್ತು. ಅದರ ಬಾಯಿ ದಪ್ಪ, ಕೆತ್ತುವ ಬದಲು ಸಿಗಿಯುತ್ತಿತ್ತು. ಒಂದು ಸೀಳು ಬಿಲ್ಲಿನ ಬೆನ್ನಿನವರೆಗೂ ಓಡಿತು, ಅಲ್ಲಿಗೆ ಮುಗಿಯಿತು. ಬೆನ್ನು ಅಂದರೆ ಬಿಲ್ಲು ಹಿಡಿದಾಗ ನಮ್ಮಿಂದ ಆಚೆಗಿರುವ ಮೈ. ಹೆದೆ ಎಳೆದಾಗ ಹಿಗ್ಗುವುದು ಅದೇ. ಅಲ್ಲಿ ನಾರು ಕಡಿದರೆ ಬಿಲ್ಲು ಅಲ್ಲೇ ಮುರಿಯುತ್ತದೆ. ಅದಕ್ಕೇ ತೊಗಟೆ ಸುಲಿದು ಬೆನ್ನನ್ನು ಹಾಗೇ ಬಿಡಬೇಕು. ಕೆತ್ತುವುದೆಲ್ಲ ಹೊಟ್ಟೆಯ ಕಡೆ, ನಮ್ಮ ಮುಖದ ಕಡೆ.

ಈ ಸಲ ಸಿಕ್ಕಿದ್ದು ನಮ್ಮ ಹೊಲದ ಬದುವಿನ ತಡಸಲು. ಸಂಸ್ಕೃತದಲ್ಲಿ ಈ ಮರಕ್ಕೆ ಧನುರ್ವೃಕ್ಷ ಅಂತಲೇ ಹೆಸರು. ಕಡಿದ ಬುಡದಿಂದ ಚಿಗುರಿದ ನೆಟ್ಟನೆ ಗಳ, ಐದೂವರೆ ಅಡಿ ಉದ್ದ, 2 ಇಂಚು ದಪ್ಪ, ಒಂದೇ ಗಂಟು. (ದುರ್ಗದ ಪಕ್ಕದ ಜೋಗಿಮಟ್ಟಿ ಕಾಡು ವನ್ಯಧಾಮ. ಗಳಕ್ಕಾಗಿ ಅಲ್ಲಿ ಒಂದು ಕಡ್ಡಿಯನ್ನೂ ಮುಟ್ಟಬೇಡಿ.) ಹಸಿ ಇದ್ದಾಗಲೇ ಹೊಟ್ಟೆ ಕೆತ್ತಿದೆ. ಚಕ್ಕೆ ಹಪ್ಪಳದಷ್ಟು ತೆಳ್ಳಗೆ ಎದ್ದು ಬಂತು. ಕೈ ಹೇಳಿದಲ್ಲೇ ಅಲಗು ನಿಂತಿತು. ಮಧ್ಯೆ ಹಿಡಿಗೆ ಒಂದು ಗೇಣು ಉದ್ದ ಕೆತ್ತದೆ ದಪ್ಪಗೇ ಬಿಟ್ಟೆ.

ತುದಿಗಳಿಗೆ ಫೆವಿಕಾಲ್ ಬಳಿದು ಅಟ್ಟದ ಮೇಲೆ ನೆರಳಲ್ಲಿಟ್ಟೆ. ದುರ್ಗದ ಬಿಸಿಲಿಗಿಟ್ಟರೆ ಸೀಳದೇ ಇರುತ್ತಾ? ವಾರಕ್ಕೊಮ್ಮೆ ಪಕ್ಕದ ಕಿರಾಣಿ ಅಂಗಡಿಯಲ್ಲಿ ತೂಗಿಸಿದೆ. ಗಳ ಒಣಗಿ ತೂಕ ಇಳಿಯುವುದು ನಿಲ್ಲಲು ಎರಡು ತಿಂಗಳು ಬೇಕಾಯಿತು.

ಆಮೇಲೆ ಬಾಚಿಗಿಂತ ಅರ ಮತ್ತು ಒಡೆದ ಗಾಜಿನ ಚೂರಿಗೇ ಜಾಸ್ತಿ ಕೆಲಸ. ಸಡಿಲವಾಗಿ ಹೆದೆ ಕಟ್ಟಿ ಸ್ವಲ್ಪ ಎಳೆಯಬೇಕು. ಬಾಗದ ಕಡೆ ಕೆರೆಯಬೇಕು. ಮತ್ತೆ ಎಳೆಯಬೇಕು. ಎರಡೂ ತೋಳು ಒಂದೇ ಥರ ಬಾಗುವಷ್ಟರಲ್ಲಿ ನಾಲ್ಕು ಭಾನುವಾರ ಹೋದವು. ಗಂಟಿನ ಹತ್ತಿರ ಮಾತ್ರ ಬಾಚಿಯನ್ನೇ ಮೊಟಕಾಗಿ ಹಿಡಿದು ಕೆರೆದೆ. ಒಣಗಿದ ತಡಸಲು ಕಲ್ಲಿನಂತಿತ್ತು, ಆದರೂ ಬಾಯಿ ಮಡಚಲಿಲ್ಲ.

ಬಾಚಿಯ ಕಾವು, ಅಂದರೆ ಮರದ ಹಿಡಿಕೆ, ಮಾತ್ರ ಸರಿ ಇರಲಿಲ್ಲ. ಹಸಿ ಕಟ್ಟಿಗೆಯದು ಹಾಕಿದ್ದರು. ಎರಡನೇ ತಿಂಗಳಿಗೇ ಒಣಗಿ ಸಡಿಲವಾಯಿತು. ಕಾಲಲ್ಲಿ ಗಳ ಒತ್ತಿ ಹಿಡಿದು ಕೆತ್ತುವಾಗ ಅಲಗು ಕಳಚಿದರೆ ಪಾದಕ್ಕೇ ಬೀಳುತ್ತದೆ. ವಾಪಸ್ ಒಯ್ದಾಗ ಅಜ್ಜ ಒಣಗಿದ ಜಾಲಿಯ ಕಾವು ಹಾಕಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ನೀವು ಮೊದಲೇ ಕೇಳಿ ಹಾಕಿಸಿಕೊಳ್ಳಿ.

ಬಿಲ್ಲಿನ ಹೆದೆಯನ್ನು ಈಗ 24 ಇಂಚು ಎಳೆಯಲು 14 ಕಿಲೋ ತೂಕದಷ್ಟು ಬಲ ಬೇಕು. ಹುಲ್ಲು ತುಂಬಿದ ಗೋಣಿಚೀಲಕ್ಕೆ ದಿನಾ ಹೊಡೆಯುತ್ತೇನೆ. ಬಾಣ ಹೂಡದೆ ಹೆದೆ ಎಳೆದು ಬಿಡಲು ಯಾರಿಗೂ ಕೊಡುವುದಿಲ್ಲ, ಬಿಲ್ಲು ಮುರಿಯಬಹುದು. ಹೋದ ವಾರ ಅಜ್ಜನಿಗೆ ಒಯ್ದು ತೋರಿಸಿದೆ. ಅವರು ಹೆದೆಯನ್ನು ಮುಟ್ಟಲೇ ಇಲ್ಲ. ಬೆನ್ನಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಹೆಬ್ಬೆರಳು ಎಳೆದು, "ಒಂದ್ ಕಡೆನೂ ಬಾಚಿ ತಗುಲಿಲ್ಲ" ಅಂದರು.