ಎರಡು ಜಡೆ, ನಾಲ್ಕು ಭಾನುವಾರ: ಗಡಸು ನೀರಿಗೆ ನಾನು ಮಾಡಿ ನೋಡಿದ ಉಪಾಯಗಳು

ಶಿರಸಿಯಲ್ಲಿ ಹುಟ್ಟಿ ಬೆಳೆದ ನನಗೆ ನೀರಿನ ಬಗ್ಗೆ ಯೋಚಿಸುವ ಅಭ್ಯಾಸವೇ ಇರಲಿಲ್ಲ. ಮನೆ ಬಾವಿ, ಬಚ್ಚಲ ಹಂಡೆ, ವಾರಕ್ಕೆರಡು ಸಲ ತಲೆಸ್ನಾನ, ಅಷ್ಟೇ. ದೀಪಾವಳಿ ಮುಗಿಸಿ ಕೆಲಸಕ್ಕೆಂದು ಕಾರವಾರಕ್ಕೆ ಬಂದೆ. ಕೋಡಿಬಾಗದಲ್ಲಿ, ಕಾಳಿ ನದಿಯ ಅಳಿವೆಗೆ ಹತ್ತಿರ ಬಾಡಿಗೆ ಮನೆ ಸಿಕ್ಕಿತು. ಮೂರು ತಿಂಗಳಲ್ಲಿ ಕೂದಲು ತೆಂಗಿನ ನಾರಿನ ಹಾಗೆ ಆಯಿತು. ನೆತ್ತಿ ಬಿಗಿಯುತ್ತಿತ್ತು. ಕಾಲಿನ ಮೇಲೆ ಉಗುರು ಆಡಿಸಿದರೆ ಬಿಳಿ ಗೆರೆ ಏಳುತ್ತಿತ್ತು.

ಮಾರಿಜಾತ್ರೆಗೆ ಊರಿಗೆ ಹೋದಾಗ ಆಯಿ ಜಡೆ ಹಾಕಲು ಕೂತು, ಬಾಚಣಿಗೆ ಅರ್ಧಕ್ಕೇ ನಿಲ್ಲಿಸಿ ಕೇಳಿದಳು. "ಎಂತ ಆತೇ ಕೂಸೇ ನಿನ್ ಕೂದ್ಲಿಗೆ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಒಂದು ವರ್ಷದ ಮೇಲಾಯಿತು. ಏನೇನು ಮಾಡಿ ನೋಡಿದೆ, ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಅಂತ ಹೇಳುತ್ತೇನೆ.

ಮೊದಲು ನೀರನ್ನೇ ಅಳೆಯಬೇಕು. ಎಲ್ಲರೂ ಟಿಡಿಎಸ್ ಮೀಟರ್ ಅದ್ದಿ ತೋರಿಸುತ್ತಾರೆ. ಅದು ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಅಂತ ಅಂದಾಜು ಹೇಳುತ್ತದೆ, ಗಡಸುತನ ಹೇಳುವುದಿಲ್ಲ. ಗಡಸುತನ ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲೆಕ್ಕ ಮಾತ್ರ. ಅದಕ್ಕೆ ಬೇರೆ ಕಿಟ್ ಬರುತ್ತದೆ. ನೀರಿಗೆ ಬಣ್ಣ ಹಾಕಿ, ಕೆಂಪು ಹೋಗಿ ನೀಲಿ ಆಗುವವರೆಗೆ ಕಿಟ್‌ನ ಇನ್ನೊಂದು ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಎಣಿಸಬೇಕು. ನನ್ನ ಕಿಟ್‌ನಲ್ಲಿ ಒಂದು ಹನಿ ಅಂದರೆ ಲೀಟರಿಗೆ 20 ಮಿಲಿಗ್ರಾಂ. ನಮ್ಮ ಬಾಡಿಗೆ ಮನೆ ಬಾವಿಗೆ ಮಾರ್ಚ್‌ನಲ್ಲಿ 19 ಹನಿ ಬಿತ್ತು, ಅಂದರೆ 380. ಮೇ ತಿಂಗಳಲ್ಲಿ 23 ಹನಿ. ಶಿರಸಿ ಮನೆಯ ಬಾವಿ ನೀರಿಗೆ ಒಂದೇ ಹನಿ ಸಾಕಾಯಿತು! ಕುಡಿಯುವ ನೀರಿಗೆ ನಮ್ಮ ದೇಶದ ಮಾನಕದಲ್ಲಿ ಗಡಸುತನ 200 ಇದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಅಂದರೆ ಗಡಸುತನದ ಲೆಕ್ಕದಲ್ಲಿ ನಮ್ಮ ಬಾವಿ ನೀರು ಮಿತಿಯೊಳಗೇ ಇದೆ. ಕೂದಲಿನ ಕಷ್ಟ ಬೇರೆ.

ಕಾರವಾರದ ನೀರೆಲ್ಲ ಗಡಸು ಅಂತ ಇದನ್ನು ಓದಿ ತಿಳಿಯಬೇಡಿ. ಗುಡ್ಡದ ಬದಿಯ ಚಿರೇಕಲ್ಲಿನ ನೆಲದ ಬಾವಿಗಳ ನೀರು ಮೆದುವಾಗಿರುತ್ತದೆ. ನಮ್ಮಂಥ ಅಳಿವೆ ಬದಿಯ ಬಾವಿಗೆ ಬೇಸಿಗೆಯಲ್ಲಿ ಸಿಹಿನೀರಿನ ಮಟ್ಟ ಕುಗ್ಗಿ ಸವಳು ಒಳಗೆ ಬರುತ್ತದೆ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ ತುಂಬಾ ಇರುತ್ತದಲ್ವಾ, ಅದೂ ಜೊತೆಗೇ ಬರುತ್ತದೆ.

ಮೊದಲ ಉಪಾಯ ಕುದಿಸುವುದು. ಎಲ್ಲರೂ ಹೇಳುವುದು ಇದನ್ನೇ. ದೊಡ್ಡ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಹನಿ ಎಣಿಸಿದೆ. 19 ಇದ್ದದ್ದು 17 ಆಯಿತು, ಅಷ್ಟೇ. ಬೈಕಾರ್ಬೊನೇಟ್‌ನಿಂದ ಬಂದ ಗಡಸುತನ ಮಾತ್ರ ಕುದಿಸಿದರೆ ಬಿಳಿ ಹುಡಿಯಾಗಿ ತಳಕ್ಕೆ ಕೂರುತ್ತದೆ. ಸವಳಿನ ಜೊತೆ ಬಂದ ಕ್ಲೋರೈಡ್ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಗೀಸರ್ ಒಳಗೆ ದಪ್ಪ ಬಿಳಿ ಪದರ ಕಟ್ಟುವ ಊರುಗಳಲ್ಲಿ ಇದು ಸ್ವಲ್ಪ ಫಲ ಕೊಡಬಹುದು. ಅಳಿವೆ ಬದಿಯವರಿಗೆ ಸುಮ್ನೆ ಗ್ಯಾಸ್ ಖರ್ಚು.

ಎರಡನೆಯದು ಶವರ್‌ಗೆ ಸಿಕ್ಕಿಸುವ ಫಿಲ್ಟರ್. ಡಬ್ಬಿಯ ಮೇಲೆ "ಗಡಸು ನೀರಿಗೆ" ಅಂತ ದೊಡ್ಡದಾಗಿ ಬರೆದಿತ್ತು. ಆರು ವಾರ ಬಳಸಿದೆ. ಫಿಲ್ಟರ್‌ಗೆ ಮೊದಲು 19 ಹನಿ, ಫಿಲ್ಟರ್ ಆದಮೇಲೂ 19 ಹನಿ. ಮೂರು ಸಲ ಎಣಿಸಿದೆ. ನನಗೆ ನಿಜಕ್ಕೂ ಸಿಟ್ಟು ಬಂತು. ಒಳಗಿದ್ದದ್ದು ಇದ್ದಿಲು ಮತ್ತು ತಾಮ್ರ-ಸತುವಿನ ಕಾಳು. ಅವು ಕ್ಲೋರಿನ್ ಕಡಿಮೆ ಮಾಡುತ್ತವೆ, ಕ್ಯಾಲ್ಸಿಯಂ ಹಿಡಿಯುವುದಿಲ್ಲ. ಬಾವಿ ನೀರಿನಲ್ಲಿ ಕ್ಲೋರಿನ್ ಎಲ್ಲಿಂದ ಬರಬೇಕು? ಕೊಳ್ಳುವ ಮುಂಚೆ ಒಂದು ಮಾತು ಕೇಳಿ: ಒಳಗೆ ಉಪ್ಪಿನಿಂದ ತೊಳೆದು ಮತ್ತೆ ಬಳಸುವಂಥ ರೆಸಿನ್ ಇದೆಯಾ? ಇಲ್ಲ ಅಂದರೆ ಗಡಸುತನ ಹೋಗುವುದಿಲ್ಲ.

ರೆಸಿನ್ ಇರುವುದೇ ಸಾಫ್ಟ್‌ನರ್. ಮೇಲಿನ ಮನೆಯ ಅಕ್ಕ ಬಚ್ಚಲಿಗೆ ಸಣ್ಣದೊಂದು ಹಾಕಿಸಿದ್ದರು. "ದಿನಾ ಎರಡು ಬಕೆಟ್ ತಗೊಂಡು ಹೋಗಿ, ಅದಕ್ಕೇನಂತೆ" ಅಂದರು. ಅವರಿಂದಾಗಿ ಒಂದು ತಿಂಗಳು ಪೂರ್ತಿ ಆ ನೀರಿನಲ್ಲೇ ಸ್ನಾನ ಮಾಡಿದೆ. ರೆಸಿನ್ ಕಾಳುಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟು ಬದಲಿಗೆ ಸೋಡಿಯಂ ಬಿಡುತ್ತವೆ. ನೀರು ಒಂದೇ ಹನಿಗೆ ನೀಲಿ ಆಯಿತು, ಶಿರಸಿಯ ಹಾಗೆ. ಸೋಪು ಹಚ್ಚಿದರೆ ರಾಶಿ ನೊರೆ, ಎಷ್ಟು ತೊಳೆದರೂ ಮೈ ಜಾರುತ್ತಲೇ ಇರುತ್ತದೆ. ಎರಡನೇ ವಾರಕ್ಕೆ ಕೂದಲು ಬಾಚಣಿಗೆಯ ಮಾತು ಕೇಳತೊಡಗಿತು. ನೀರಿನ ಗುಣ ಮಾತ್ರ ನೋಡುವುದಾದರೆ ಇದಕ್ಕೆ ಸಾಟಿ ಇಲ್ಲ.

ಆದರೆ ಬಾಡಿಗೆ ಮನೆಯವರಿಗೆ ಖರ್ಚು ಜಾಸ್ತಿ, ಮತ್ತು ನೋಡಿಕೊಳ್ಳುವ ಕೆಲಸ ಇದೆ. ರೆಸಿನ್ ತುಂಬಿದಾಗಲೆಲ್ಲ ಉಪ್ಪುನೀರು ಹಾಯಿಸಬೇಕು. ಅಕ್ಕ ಒಮ್ಮೆ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪನ್ನೇ ಹಾಕಿದ್ದರು. ಆ ಉಪ್ಪು ಮಾವಿನಮಿಡಿಗೆ, ಸಾರಿಗೆ ನನಗೆ ಬಹಳ ಇಷ್ಟ. ಆದರೆ ಗದ್ದೆಯಲ್ಲಿ ಒಣಗಿಸಿದ ಉಪ್ಪಿನಲ್ಲಿ ಮೆಗ್ನೀಸಿಯಂ ಉಳಿದಿರುತ್ತದೆ. ಯಾವುದನ್ನು ತೆಗೆಯಬೇಕೋ ಅದನ್ನೇ ಮತ್ತೆ ಹಾಕಿದ ಹಾಗೆ. ಶುದ್ಧ ಮಾಡಿದ ಉಪ್ಪೇ ಬೇಕು. ಉಪ್ಪುನೀರು ಹಾಯಿಸಿದ ಮೇಲೆ ಹೊರಬರುವ ನೀರು ಗಿಡಕ್ಕೆ ಬೇಡ.

ಇನ್ನು ಆಯಿಯ ಉಪಾಯ. ಸೀಗೆಕಾಯಿ, ಅಂಟವಾಳ ಸೇರಿಸಿ ಪುಡಿ ಮಾಡಿಸಿ ಕಳಿಸಿದ್ದಳು. ಇದನ್ನು ನಾನು ಅಭಿಮಾನಕ್ಕೆ ಹೊಗಳುತ್ತಿಲ್ಲ, ಬಾಟಲಿಯಲ್ಲಿ ಪರೀಕ್ಷೆ ಮಾಡಿದ್ದೇನೆ. ಒಂದು ಬಾಟಲಿ ಬಾವಿ ನೀರಿಗೆ ಸೋಪಿನ ಚೂರು ಹಾಕಿ ಅಲ್ಲಾಡಿಸಿದರೆ ನೊರೆ ಬರದೆ ಒಡೆದ ಹಾಲಿನಂಥ ಗಷ್ಟು ತೇಲಿತು. ಇನ್ನೊಂದಕ್ಕೆ ಅಂಟವಾಳ ನೆನೆಸಿದ ನೀರು ಹಾಕಿದೆ. ಒಳ್ಳೆ ನೊರೆ, ಗಷ್ಟು ಇಲ್ಲ. ಅಂಟವಾಳ, ಸೀಗೆಯ ನೊರೆ ಸಪೋನಿನ್‌ನಿಂದ ಬರುತ್ತದೆ. ಅದು ಸೋಪಿನ ಹಾಗೆ ಕ್ಯಾಲ್ಸಿಯಂ ಜೊತೆ ಸೇರಿ ಗಷ್ಟಾಗುವುದಿಲ್ಲ. ಸೀಗೆ ಸ್ವಲ್ಪ ಹುಳಿ ಗುಣದ್ದು, ಅದೂ ಕೂದಲಿಗೆ ಒಳ್ಳೆಯದೇ. ಕೊನೆಗೆ ದಾಸವಾಳದ ಸೊಪ್ಪಿನ ಲೋಳೆ ಹಚ್ಚಿದರೆ ಸಿಕ್ಕು ಬಿಡಿಸಲು ಸುಲಭ. ಕಷ್ಟ ಅಂದರೆ ಪುಡಿ ನೆತ್ತಿಯಲ್ಲಿ ಉಳಿಯುತ್ತದೆ, ಕಣ್ಣಿಗೆ ಬಿದ್ದರೆ ಉರಿ, ಮತ್ತು ಬೆಳಿಗ್ಗೆ ಎಂಟೂವರೆ ಬಸ್ಸು ಹಿಡಿಯುವ ದಿನ ಇದೆಲ್ಲ ಆಗುವ ಮಾತಲ್ಲ.

ಆ ದಿನಗಳಿಗೆ ಇಡಿಟಿಎ ಇರುವ, ಆಳವಾಗಿ ತೊಳೆಯುವ ಶಾಂಪೂ ತಂದೆ. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದು ನೀರಿನ ಜೊತೆ ಹೊರಗೆ ಒಯ್ಯುತ್ತದೆ. ಹದಿನೈದು ದಿನಕ್ಕೊಮ್ಮೆ ಹಾಕಿದರೆ ಹಳೆಯ ಪದರ ಹೋದದ್ದು ಕೈಗೆ ಗೊತ್ತಾಗುತ್ತದೆ. ವಾರಕ್ಕೆರಡು ಸಲ ಹಾಕಿ ನೋಡಿದೆ, ಕೂದಲು ಇನ್ನೂ ಒಣಗಿತು. ನಿಂಬೆಹಣ್ಣೂ ಕೆಲಸ ಮಾಡುತ್ತದೆ. ಒಂದು ದೊಡ್ಡ ತಂಬಿಗೆ ನೀರಿಗೆ ಅರ್ಧ ಹೋಳಿನ ರಸ ಸಾಕು. ಆಮೇಲೆ ಚೆನ್ನಾಗಿ ತೊಳೆಯಲೇಬೇಕು. ನಿಂಬೆರಸ ಮೈಮೇಲೆ ಉಳಿದು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ. ನೆತ್ತಿಯಲ್ಲಿ ಗಾಯ ಇದ್ದರೆ ಬೇಡವೇ ಬೇಡ.

ಕೊನೆಯ ಉಪಾಯ ನನಗೆ ಹೊಳೆದದ್ದು ನಳದ ನೀರು ತುಂಬುವಾಗ. ನಳದಲ್ಲಿ ಬರುವುದು ಹೊಳೆ ನೀರು. ಎರಡು ಹನಿ, ಅಂದರೆ 40. ದಿನಾ ಬರುವುದಿಲ್ಲ, ಬಂದದ್ದು ಅಡುಗೆಗೆ, ಕುಡಿಯಲು ಬೇಕು. ಪೂರ್ತಿ ತಲೆಸ್ನಾನಕ್ಕೆ ಸಾಲದು. ಆದರೆ ಕೊನೆಯ ಎರಡು ತಂಬಿಗೆ ಮಾತ್ರ ನಳದ ನೀರು ಆದರೆ? ಕೂದಲು ಒಣಗುವಾಗ ಅದರ ಮೇಲೆ ಉಳಿಯುವುದು ಕೊನೆಗೆ ಹೊಯ್ದ ನೀರೇ ಅಲ್ವಾ?

ನೇರ ಬೈತಲೆ ತೆಗೆದು ಎರಡು ಜಡೆ ಮಾಡಿದೆ. ಎಣ್ಣೆ ಒಂದೇ, ಶಾಂಪೂ ಒಂದೇ, ತೊಳೆದದ್ದು ಬಾವಿ ನೀರಿನಲ್ಲೇ. ತಲೆಯನ್ನು ಎಡಕ್ಕೆ ಬಾಗಿಸಿ ಎಡ ಭಾಗಕ್ಕೆ ಮಾತ್ರ ಎರಡು ತಂಬಿಗೆ ನಳದ ನೀರು, ಬಲ ಭಾಗಕ್ಕೆ ಎರಡು ತಂಬಿಗೆ ಬಾವಿ ನೀರು. ಹೀಗೆ ನಾಲ್ಕು ಭಾನುವಾರ. ಮೊದಲ ವಾರ ಏನೂ ಗೊತ್ತಾಗಲಿಲ್ಲ. ಎರಡನೇ ವಾರ ಎಡ ಜಡೆ ಸ್ವಲ್ಪ ಮೆದು ಅನಿಸಿತು, ಆದರೆ ಅದು ನನ್ನ ಆಸೆಯೂ ಇರಬಹುದು. ಅದಕ್ಕೆ ಮೂರನೇ ವಾರ ಯಾವ ಕಡೆ ಯಾವ ನೀರು ಅಂತ ಹೇಳದೆ ಮೇಲಿನ ಮನೆ ಅಕ್ಕನ ಕೈಗೆ ಬಾಚಣಿಗೆ ಕೊಟ್ಟೆ. ಅವರು ಎಡಗಡೆಯೇ ಸುಲಭ ಅಂದರು. ನಾಲ್ಕನೇ ವಾರ ಇಬ್ಬರಿಗೂ ಅನುಮಾನ ಉಳಿಯಲಿಲ್ಲ. ಬಲಗಡೆಯ ಬಾಚಣಿಗೆಯಲ್ಲಿ ತುಂಡು ಕೂದಲು ಜಾಸ್ತಿ ಇತ್ತು.

ಈ ತುಂಡು ಕೂದಲಿನ ವಿಷಯ ಮುಖ್ಯ. ಗಡಸು ನೀರಿನಿಂದ ಕೂದಲು ಉದುರುತ್ತದೆ ಅಂತ ನಾವೆಲ್ಲ ಹೇಳುತ್ತೇವೆ. ಉದುರಿದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಬಿಳಿ ಗಂಟು ಇದ್ದರೆ ಬೇರಿನಿಂದ ಬಂದದ್ದು. ದಿನಕ್ಕೆ ಐವತ್ತರಿಂದ ನೂರು ಹೀಗೆ ಬರುವುದು ಸಹಜ. ಅದಕ್ಕಿಂತ ಜಾಸ್ತಿ ಇದ್ದರೆ ನೀರನ್ನು ಬೈಯುವುದು ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶ, ಥೈರಾಯಿಡ್ ನೋಡಬೇಕು. ಗಂಟಿಲ್ಲದ ತುಂಡುಗಳು ಇದ್ದರೆ ಅದು ಮುರಿದದ್ದು, ಅಲ್ಲಿ ನೀರಿನ ಪಾತ್ರ ಇರಬಹುದು. ಸಂಶೋಧನೆಯಲ್ಲೂ ಒಂದೇ ಮಾತಿಲ್ಲ. 2013ರಲ್ಲಿ ಕೊಯಮತ್ತೂರಿನ ವೈದ್ಯರು ನೋಡಿದಾಗ ಗಡಸು ನೀರಿನಿಂದ ಕೂದಲಿನ ಬಲ ಕುಗ್ಗಲಿಲ್ಲ. 2018ರಲ್ಲಿ ಪಾಕಿಸ್ತಾನದಲ್ಲಿ ನೋಡಿದವರಿಗೆ ಕುಗ್ಗಿದ್ದು ಕಂಡಿತು.

ಚರ್ಮಕ್ಕೆ ಉಪಾಯ ಬೇರೆಯೇ ಆಯಿತು. ಎರಡು ವಾರ ಎಡಗೈಗೆ ಮಾಮೂಲಿ ಸೋಪು, ಬಲಗೈಗೆ ಸಿಂಡೆಟ್ ಬಾರ್ (ನೋಡಲು ಸೋಪಿನ ಹಾಗೇ, ಆದರೆ ಸೋಪಲ್ಲದ ಬೇರೆ ತೊಳೆಯುವ ವಸ್ತುವಿನಿಂದ ಮಾಡಿದ್ದು), ನೀರು ಎರಡಕ್ಕೂ ಬಾವಿಯದೇ. ಬಲಗೈ ತುರಿಕೆ ಐದೇ ದಿನದಲ್ಲಿ ನಿಂತಿತು. ಸಿಂಡೆಟ್ ಗಷ್ಟು ಕಟ್ಟುವುದಿಲ್ಲ, ಚರ್ಮದ ಹುಳಿ ಗುಣಕ್ಕೂ ಹತ್ತಿರ. ಹೆಸರುಕಾಳಿನ ಹಿಟ್ಟೂ ಹೆಚ್ಚು ಕಡಿಮೆ ಅಷ್ಟೇ ಫಲ ಕೊಟ್ಟಿತು. ಮೈ ಒದ್ದೆ ಇರುವಾಗಲೇ ನಾಲ್ಕು ಹನಿ ತೆಂಗಿನೆಣ್ಣೆ ಹಚ್ಚಿದರೆ ಇನ್ನೂ ಒಳ್ಳೆಯದು. ಎಸ್ಜಿಮಾ ಇರುವ ಮಕ್ಕಳ ತಾಯಂದಿರು ಸಾಫ್ಟ್‌ನರ್ ಮೇಲೆ ಭಾರಿ ಆಸೆ ಇಟ್ಟು ಸಾಲ ಮಾಡಬೇಡಿ. ಬ್ರಿಟನ್ನಿನಲ್ಲಿ 336 ಮಕ್ಕಳ ಮೇಲೆ 12 ವಾರ ನಡೆಸಿ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸಾಫ್ಟ್‌ನರ್ ಹಾಕಿದ ಮನೆಯ ಮಕ್ಕಳ ಎಸ್ಜಿಮಾ ಉಳಿದವರದ್ದಕ್ಕಿಂತ ಜಾಸ್ತಿಯೇನೂ ಇಳಿಯಲಿಲ್ಲ.

ನೆತ್ತಿಯ ಹೊಟ್ಟಿಗೆ ಮಾತ್ರ ಈ ಯಾವುದೂ ಪೂರ್ತಿ ಸಾಕಾಗಲಿಲ್ಲ. ಚರ್ಮದ ಡಾಕ್ಟರು ನೋಡಿ, ಅದು ನೆತ್ತಿಯ ಎಣ್ಣೆ ತಿಂದು ಬೆಳೆಯುವ ಶಿಲೀಂಧ್ರದ ಕೆಲಸ ಅಂದರು. ಕೀಟೊಕೊನಜೋಲ್ ಶಾಂಪೂ ಬರೆದುಕೊಟ್ಟರು, ಅದರಲ್ಲಿ ಹೋಯಿತು.

ಹಾಗಾಗಿ ನನ್ನ ಆಯ್ಕೆ ಹೀಗೆ. ಸ್ವಂತ ಮನೆ ಇದ್ದು 300 ದಾಟಿದ ನೀರು ಇದ್ದರೆ ಸಾಫ್ಟ್‌ನರ್. ನನ್ನಂಥ ಬಾಡಿಗೆಯವರಿಗೆ ಕೊನೆಯ ಎರಡು ತಂಬಿಗೆ ಮೆದು ನೀರು, ಮೈಗೆ ಸಿಂಡೆಟ್, ಭಾನುವಾರ ಸೀಗೆ. ಮೃಗಶಿರಾ ಮಳೆ ಹಿಡಿದು ಹಂಚು ಚೆನ್ನಾಗಿ ತೊಳೆದ ಮೇಲೆ ಮಾಡಿನ ನೀರೇ ಸಿಗುತ್ತದೆ, ಆಗ ನಳವೂ ಬೇಡ. ಆಗಸ್ಟಿನಲ್ಲಿ ಬಾವಿ ನೀರೂ ಒಂಬತ್ತು ಹನಿಗೆ ಇಳಿದಿತ್ತು.

ಈಗ ಬಚ್ಚಲ ಮೂಲೆಯಲ್ಲಿ ಒಂದು ಕೊಡ ತಲೆಸ್ನಾನಕ್ಕೆಂದೇ ಇದೆ. ಸೊಳ್ಳೆ ಮೊಟ್ಟೆ ಇಡದ ಹಾಗೆ ಬಿಗಿ ಮುಚ್ಚಳ ಹಾಕುತ್ತೇನೆ. ನಳ ಬಂದ ದಿನ ಮೊದಲು ತುಂಬುವುದು ಅದನ್ನೇ.